ಗುರುವಿನ ಹತ್ತಿರ ಲೆಕ್ಕ ಕೇಳಬಹುದೇ?

2022ರ ಸೆಪ್ಟೆಂಬರ್ 13. ಉತ್ತರಪ್ರದೇಶದ ನಾಲ್ವರು ಸಾಧುಗಳು ವಿಜಯಪುರ ಮುಗಿಸಿಕೊಂಡು ಪಂಢರಪುರದ ಕಡೆ ಕಾರಿನಲ್ಲಿ ಹೊರಟಿದ್ದರು. ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಲವಂಗಾ ಎಂಬ ಗಡಿಯೂರಲ್ಲಿ ಒಬ್ಬ ಹುಡುಗನಿಗೆ ದಾರಿ ಕೇಳಿದರು. ಮಕ್ಕಳ ಕಳ್ಳರು ತಿರುಗಾಡುತ್ತಿದ್ದಾರೆ ಎಂಬ ಗಾಳಿಸುದ್ದಿ ಆಗ ಎಲ್ಲ ಕಡೆ ಹಬ್ಬಿತ್ತು. ಜನ ಸೇರಿದರು, ಮಾತು ಬೆಳೆಯಿತು, ಸಾಧುಗಳಿಗೆ ಏಟು ಬಿದ್ದವು. ವಿಡಿಯೊ ಅಂದೇ ದೇಶವನ್ನೆಲ್ಲ ಸುತ್ತಿತು. ಅವರು ನಿಜವಾದ ಯಾತ್ರಿಕರೇ ಎಂದು ಆಮೇಲೆ ಗೊತ್ತಾಯಿತು. ಪೊಲೀಸರು ಪ್ರಕರಣ ದಾಖಲಿಸಿ ಕೆಲವರನ್ನು ಬಂಧಿಸಿದರು.

ಅದಕ್ಕೆ ಹನ್ನೆರಡು ದಿನ ಮೊದಲು, ಸೆಪ್ಟೆಂಬರ್ 1ರ ರಾತ್ರಿ, ಚಿತ್ರದುರ್ಗದ ಮುರುಘಾ ಮಠದ ಶಿವಮೂರ್ತಿ ಮುರುಘಾ ಶರಣರ ಬಂಧನವಾಗಿತ್ತು. ಮಠದ ವಸತಿ ನಿಲಯದಲ್ಲಿದ್ದ ಬಾಲಕಿಯರು ಮೈಸೂರಿನಲ್ಲಿ ಲೈಂಗಿಕ ದೌರ್ಜನ್ಯದ ದೂರು ಕೊಟ್ಟದ್ದು ಆಗಸ್ಟ್ 26ಕ್ಕೆ. ನಡುವಿನ ಆರು ದಿನ ರಾಜ್ಯದ ರಾಜಕಾರಣಿಗಳಲ್ಲಿ ಬಹುಪಾಲು ಜನ ಬಾಯಿ ಬಿಗಿದುಕೊಂಡಿದ್ದರು.

ಹೆಸರು ಗೊತ್ತಿಲ್ಲದ ಕಾವಿಗೆ ಹೊಡೆಯುವ ಮೊದಲು ಯಾರೂ ಸಾಕ್ಷ್ಯ ಕೇಳಲಿಲ್ಲ. ಹೆಸರುವಾಸಿ ಕಾವಿಯನ್ನು ಪ್ರಶ್ನಿಸುವ ಮಾತು ಬಂದಾಗ ಸಾಕ್ಷ್ಯ ಎಷ್ಟಿದ್ದರೂ ಸಾಲದೆನಿಸಿತು. ಎರಡೂ ಕಡೆ ನಾವು ಅಳೆದದ್ದು ಬಟ್ಟೆಯನ್ನು. ಧರ್ಮಗುರುಗಳನ್ನು ಉಳಿದವರಿಗಿಂತ ಎತ್ತರದ ನೈತಿಕ ಮಟ್ಟದಲ್ಲಿಟ್ಟು ನೋಡುತ್ತೇವೆ ಎಂದು ಹೇಳಿಕೊಳ್ಳುವ ನಾವು, ಆ ಎತ್ತರವನ್ನು ಎಲ್ಲಿ ಇಟ್ಟಿದ್ದೇವೆ ಎಂದು ಮಾತ್ರ ನೋಡಿಕೊಂಡಿಲ್ಲ.

ಗಡಿಯೂರಿನ ಗುರುಗಳು

ಲವಂಗಾ, ಉಮದಿ, ಸಂಖ, ಮಾಡಗ್ಯಾಳ, ಸನಮಡಿ. ಜತ್ತ ತಾಲೂಕಿನ ಈ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮಳೆ ಕೈಕೊಡುವ ಸೀಮೆ. ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಊರು ಬಿಡುತ್ತವೆ. ಒಂದು ಕಡೆ ಪಂಢರಪುರದ ದಾರಿ, ಇನ್ನೊಂದು ಕಡೆ ವಿಜಯಪುರದ ದಾರಿ ಇರುವುದರಿಂದ ಇಲ್ಲಿ ಸಂತರೂ ಶರಣರೂ ಒಂದೇ ಕಟ್ಟೆಯ ಮೇಲೆ ಕೂಡುತ್ತಾರೆ. ಸನಮಡಿಯಂಥ ಊರಿನ ಮನುಷ್ಯನಿಗೆ ಗುರು ಎಂದರೆ ಒಬ್ಬನೇ ಅಲ್ಲ, ಕನಿಷ್ಠ ಮೂರು ಬಗೆಯವರು.

ಮೊದಲನೆಯವರು ಊರಲ್ಲೇ ಇರುವ ಅಯ್ನೋರು. ಹೆಂಡತಿ ಮಕ್ಕಳೊಂದಿಗೆ ಬಾಳುವವರು, ಹೊಲ ಮಾಡುವವರು, ಹುಟ್ಟು ಸಾವು ಮದುವೆಗಳಿಗೆ ಕರೆಸಿಕೊಳ್ಳುವವರು. ಅವರು ಸಾಲ ಮಾಡಿದರೆ ಊರಿಗೆ ಗೊತ್ತು, ಜಗಳ ತೆಗೆದರೂ ಗೊತ್ತು. ಅವರಿಂದ ಯಾರೂ ದೇವತ್ವ ಬಯಸುವುದಿಲ್ಲ. ತಪ್ಪಿದರೆ ಮುಖಕ್ಕೇ ಹೇಳುತ್ತಾರೆ.

ಎರಡನೆಯವರು ಮಠದ ಪೀಠದಲ್ಲಿ ಕುಳಿತ ವಿರಕ್ತರು. ಜನ ಅವರನ್ನು ಅಜ್ಜಾರು, ಅಪ್ಪಾವ್ರು ಎನ್ನುತ್ತಾರೆ. ಅವರಿಗೆ ಪಾದಪೂಜೆ, ಅಡ್ಡಪಲ್ಲಕ್ಕಿ, ಕಾಣಿಕೆ ಎಲ್ಲ ಸಲ್ಲುತ್ತವೆ. ಮಠಕ್ಕೆ ಶಾಲೆ, ಕಾಲೇಜು, ಹೊಲ, ಪ್ರಸಾದ ನಿಲಯ ಇರುತ್ತವೆ. ಚುನಾವಣೆ ಬಂದರೆ ಶಾಸಕರು ಬಂದು ಕಾಲಿಗೆ ಬೀಳುತ್ತಾರೆ. ಇವರ ಮುಂದೆ ಊರವರ ಧಾಟಿ ಬದಲಾಗುತ್ತದೆ. ‘ಅಜ್ಜಾರನ್ನ ಕೇಳೂದೇನ್ರಿ?’ ಎಂಬ ಮಾತು ಹುಟ್ಟುವುದು ಇಲ್ಲಿ.

ಮೂರನೆಯದು ಈ ಸೀಮೆಯದೇ ಆದ ಇಂಚಗೇರಿ ಸಂಪ್ರದಾಯ. ಉಮದಿಯಲ್ಲಿ 1843ರಲ್ಲಿ ಹುಟ್ಟಿದ ವೆಂಕಟೇಶ ಖಂಡೇರಾವ ದೇಶಪಾಂಡೆ ಮುಂದೆ ಭಾವುಸಾಹೇಬ ಮಹಾರಾಜರೆಂದು ಹೆಸರಾದರು. ಬ್ರಾಹ್ಮಣ ದೇಶಪಾಂಡೆ ಮನೆತನದ ಇವರಿಗೆ ಗುರುವಾದವರು ಲಿಂಗಾಯತರಾದ ನಿಂಬರಗಿ ಮಹಾರಾಜರು. ಭಾವುಸಾಹೇಬರು 1914ರಲ್ಲಿ ತೀರಿಕೊಂಡದ್ದು ಗಡಿಯಾಚೆಯ ಇಂಚಗೇರಿಯಲ್ಲಿ. ಅವರ ಶಿಷ್ಯರಲ್ಲೊಬ್ಬರು ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ, ಕೊನೆಗೆ 1957ರಲ್ಲಿ ನಿಂಬಾಳದಲ್ಲಿ ದೇಹ ಬಿಟ್ಟ ಗುರುದೇವ ರಾನಡೆ. ಈ ಪರಂಪರೆಯ ಗುರುಗಳಲ್ಲಿ ಬಹುಪಾಲು ಸಂಸಾರಸ್ಥರು, ತಮ್ಮ ದುಡಿಮೆಯ ಅನ್ನ ಉಂಡವರು. ನಾಮ ಪಡೆದ ಶಿಷ್ಯ ಎಷ್ಟು ಹೊತ್ತು ನೇಮಕ್ಕೆ ಕೂರಬೇಕೋ ಗುರುವೂ ಅಷ್ಟೇ ಹೊತ್ತು ಕೂರಬೇಕು. ಅಳತೆ ಇಬ್ಬರಿಗೂ ಒಂದೇ, ಗುರು ಮೊದಲು ಅಳೆಸಿಕೊಳ್ಳಬೇಕು ಅಷ್ಟೆ. ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತು 1933ರಲ್ಲಿ ಬಂದ ದೊಡ್ಡ ಗ್ರಂಥದಲ್ಲಿ ರಾನಡೆಯವರು, ಅನುಭಾವ ನಿಜವೋ ಸುಳ್ಳೋ ಎಂದು ತಿಳಿಯುವ ಒರೆಗಲ್ಲುಗಳಲ್ಲಿ ನೈತಿಕ ಬೆಳವಣಿಗೆಯನ್ನೂ ಸೇರಿಸಿದರು. ದೇವರನ್ನು ಕಂಡೆ ಎನ್ನುವವನ ನಡತೆ ನೋಡಬಾರದು ಎಂಬ ವಾದಕ್ಕೆ ಅವರ ಹತ್ತಿರ ಜಾಗವಿರಲಿಲ್ಲ.

ಇವರೆಲ್ಲರಿಗಿಂತ ಹೆಚ್ಚು ಜನರನ್ನು ಈ ತಾಲೂಕಿಗೆ ಎಳೆದು ತರುವವಳು ಪೀಠವೇ ಇಲ್ಲದ ಒಬ್ಬ ಹೆಣ್ಣುಮಗಳು. ಗುಡ್ಡಾಪುರದ ದಾನಮ್ಮ, ಉಮರಾಣಿಯ ಲಿಂಗಮ್ಮ, ಹನ್ನೆರಡನೆಯ ಶತಮಾನದ ಶರಣೆ ಎಂದು ಜನ ನಂಬಿದವಳು. ಐತಿಹ್ಯ ಅವಳ ಬಗ್ಗೆ ಹೇಳುವುದು ದಾನ, ದಾಸೋಹ, ಬಡವರ ಮದುವೆಗಳ ಕತೆಗಳನ್ನು. ಛಟ್ಟಿ ಅಮಾವಾಸ್ಯೆಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ನಡೆದು ಬರುವವರಿಗೆ ಅವಳು ಏನು ಉಡುತ್ತಿದ್ದಳು, ಎಷ್ಟು ಹೊತ್ತು ಉಪವಾಸವಿದ್ದಳು ಎಂಬುದು ಮುಖ್ಯವಲ್ಲ. ಏನು ಕೊಟ್ಟಳು ಎಂಬುದು ಮುಖ್ಯ.

ಎಲ್ಲಿ ಬಿಗಿ, ಎಲ್ಲಿ ಸಡಿಲ

ನಮ್ಮ ಗಾದೆಗಳು ಈ ವಿಷಯದಲ್ಲಿ ಎರಡು ಪಕ್ಷ ಕಟ್ಟಿವೆ. ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುವುದು ಒಂದು. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಕುಟುಕುವುದು ಇನ್ನೊಂದು. ಒಂದೇ ಜನ ಎರಡನ್ನೂ ಆಡುತ್ತಾರೆ. ದೊಡ್ಡ ವಿಷಯಕ್ಕೆ ಮೊದಲನೆಯದು, ಬದನೆಕಾಯಿಯಂಥ ಸಣ್ಣ ವಿಷಯಕ್ಕೆ ಎರಡನೆಯದು.

ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ 2008ರ ಪರ್ಯಾಯವನ್ನು ನೆನೆಯಿರಿ. ಸಮುದ್ರ ದಾಟಿ ವಿದೇಶಕ್ಕೆ ಹೋಗಿ ಬಂದ ಯತಿ ಕೃಷ್ಣನ ವಿಗ್ರಹ ಮುಟ್ಟಿ ಪೂಜೆ ಮಾಡಬಹುದೇ ಎಂಬ ಪ್ರಶ್ನೆ ನಾಡಿನ ಪತ್ರಿಕೆಗಳ ಮುಖಪುಟಕ್ಕೇ ಬಂದಿತ್ತು. ಇತರ ಮಠಗಳ ಯತಿಗಳು ಬಹಿರಂಗವಾಗಿ ತಕರಾರೆತ್ತಿದರು. ಆ ನಿಯಮ ಸರಿಯೋ ತಪ್ಪೋ ಬೇರೆ ಮಾತು. ಒಂದು ಆಚಾರ ಮುರಿದಾಗ ಸಮಾನಪೀಠದವರೇ ಎದ್ದು ನಿಂತು ಕೇಳುವ ಶಕ್ತಿ ನಮ್ಮ ಮಠಗಳಿಗೆ ಇದೆ ಎಂದಂತೂ ಅದು ತೋರಿಸಿತು. ಆ ಶಕ್ತಿ ಮಠದ ಲೆಕ್ಕಪುಸ್ತಕದ ಮೇಲೆ, ವಸತಿ ನಿಲಯದ ಮಕ್ಕಳ ಮೇಲೆ ತಿರುಗಿದ್ದು ಅಪರೂಪ.

ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿಯ ಜೈನ ಸಮುದಾಯ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ. ದಿಗಂಬರ ಮುನಿಗೆ 28 ಮೂಲಗುಣಗಳಿವೆ. ದಿನಕ್ಕೊಂದೇ ಹೊತ್ತು, ನಿಂತು, ಅಂಗೈಯಲ್ಲಿ ಆಹಾರ. ಕೂದಲು ಕೈಯಿಂದ ಕಿತ್ತುಕೊಳ್ಳುವ ಕೇಶಲೋಚ. ಕೈಯೊಳಗಿನ ಅನ್ನದಲ್ಲಿ ಕೂದಲೊಂದು ಕಂಡರೆ ಅಂದಿನ ಊಟ ಅಲ್ಲಿಗೆ ನಿಲ್ಲುತ್ತದೆ. ಚಿಕ್ಕೋಡಿ ಸೀಮೆಯ ಭೋಜ ಗ್ರಾಮದವರಾದ ಆಚಾರ್ಯ ಶಾಂತಿಸಾಗರರು ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಗೆ ಮರುಜೀವ ಕೊಟ್ಟು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಮುನಿ ಉಣ್ಣುವಾಗ ಶ್ರಾವಕರು ಸುತ್ತ ನಿಂತು ನೋಡುತ್ತಾರೆ. ಇಲ್ಲಿ ಎತ್ತರದ ಅಳತೆ ಬಾಯಿಮಾತಿನದಲ್ಲ, ಪಟ್ಟಿ ಮಾಡಿದ್ದು. ನೋಡುವ ಕಣ್ಣೂ ನೇಮಕವಾಗಿದೆ. ಮುನಿಯ ಹತ್ತಿರ ಬಟ್ಟೆಯೂ ಇಲ್ಲದ್ದರಿಂದ ಅಡಗಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಮಠ ಹಾಗಲ್ಲ. ಅಲ್ಲಿ ಪ್ರಶ್ನೆಯಿಲ್ಲದೆ ಬರುವ ಹಣವಿದೆ, ತಂದೆತಾಯಿ ದೂರವಿರುವ ಮಕ್ಕಳಿದ್ದಾರೆ, ಇಲ್ಲ ಎನ್ನಲಾಗದ ಸೇವಕರಿದ್ದಾರೆ. ಈ ಮೂರೂ ಒಂದೆಡೆ ಸೇರಿದಲ್ಲಿ ಕುಳಿತವನು ಯಾರೇ ಆಗಿರಲಿ, ಅವನ ಒಳ್ಳೆಯತನವನ್ನೇ ನೆಚ್ಚಿಕೊಂಡರೆ ಸಾಲದು. ಇದಕ್ಕೆ ಪುಷ್ಟಿ ಕೊಡುವ ಒಂದು ಪ್ರಯೋಗ 1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಿಂದ ಪ್ರಕಟವಾಯಿತು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ದಾರಿಯಲ್ಲಿ ಬಿದ್ದ ಗಾಯಾಳುವಿಗೆ ನೆರವಾದ ದಯಾಳುವಿನ ಬೈಬಲ್ ಕತೆಯ ಬಗ್ಗೆ ಮಾತಾಡಲು ಅವರಲ್ಲಿ ಕೆಲವರಿಗೆ ಹೇಳಿ, ಬೇರೆ ಕಟ್ಟಡಕ್ಕೆ ಕಳಿಸಿದರು. ಹೋಗುವ ಓಣಿಯಲ್ಲಿ ಒಬ್ಬ ಮನುಷ್ಯ ನರಳುತ್ತ ಕುಸಿದು ಕೂತಿದ್ದ. ಸಮಯ ಸಾಕಷ್ಟಿದೆ ಎಂದು ತಿಳಿದವರಲ್ಲಿ ಶೇ 63ರಷ್ಟು ಜನ ನಿಂತು ವಿಚಾರಿಸಿದರು. ತಡವಾಗಿದೆ ಎಂದು ಅವಸರಕ್ಕೆ ಬಿದ್ದವರಲ್ಲಿ ನಿಂತವರು ಶೇ 10 ಮಾತ್ರ. ಆ ದಯೆಯ ಕತೆಯನ್ನೇ ಹೇಳಲು ಹೊರಟದ್ದರಿಂದ ಗಮನಾರ್ಹ ವ್ಯತ್ಯಾಸವೇನೂ ಆಗಲಿಲ್ಲ. ಪ್ರವಚನ ಹೇಳುವವನ ನಡತೆಯನ್ನು ಪ್ರವಚನಕ್ಕಿಂತ ಅವನು ನಿಂತ ಸಂದರ್ಭವೇ ಹೆಚ್ಚು ತಿದ್ದುತ್ತದೆ ಎಂಬುದು ಅದರ ಸಾರ.

ಕಾನೂನು ಈಗಾಗಲೇ ಉತ್ತರಿಸಿದೆ

ಧರ್ಮಗುರುವಿಗೆ ಹೆಚ್ಚಿನ ಹೊಣೆ ಇರಬೇಕೇ ಎಂಬುದು ಕಟ್ಟೆಪುರಾಣದ ಪ್ರಶ್ನೆ ಎಂದುಕೊಂಡವರು 2012ರ ಪೋಕ್ಸೊ ಕಾಯ್ದೆಯ 5ನೇ ಕಲಮನ್ನು ಓದಬೇಕು. ಶಿಕ್ಷಣ ಸಂಸ್ಥೆಯ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದಲ್ಲಿ, ಸಿಬ್ಬಂದಿಯಲ್ಲಿ ಇರುವವರು ಅಲ್ಲಿಯ ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಅದನ್ನು ಸಾಮಾನ್ಯ ಅಪರಾಧಕ್ಕಿಂತ ಘೋರವೆಂದು ಆ ಕಲಮು ಪರಿಗಣಿಸುತ್ತದೆ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 20 ವರ್ಷ, ಗರಿಷ್ಠ ಮರಣದಂಡನೆ. ವಯಸ್ಕ ಹೆಣ್ಣುಮಕ್ಕಳ ವಿಷಯದಲ್ಲೂ ನಂಬಿಕೆಯ ಅಥವಾ ಅಧಿಕಾರದ ಸ್ಥಾನದಲ್ಲಿದ್ದವನು ಮಾಡಿದ ಅತ್ಯಾಚಾರಕ್ಕೆ ಹಳೆಯ ದಂಡಸಂಹಿತೆಯಲ್ಲಿ ಹೆಚ್ಚಿನ ಶಿಕ್ಷೆಯಿತ್ತು. ಹೊಸ ನ್ಯಾಯಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇಂಥದೇ ಪ್ರಕರಣದಲ್ಲಿ ಧರ್ಮಗುರು ಅಸಾರಾಂ ಬಾಪುವಿಗೆ 2018ರ ಏಪ್ರಿಲ್ 25ರಂದು ಜೋಧಪುರದ ನ್ಯಾಯಾಲಯ ವಿಧಿಸಿದ್ದು ಜೀವ ಇರುವವರೆಗಿನ ಸೆರೆ.

ಕಾನೂನು ಎತ್ತರಿಸಿರುವುದು ಶಿಕ್ಷೆಯನ್ನು. ಆರೋಪ ಸಾಬೀತುಪಡಿಸಲು ಬೇಕಾದ ಸಾಕ್ಷ್ಯದ ಮಟ್ಟ ಸ್ವಾಮಿಗೂ ಕೂಲಿಗೂ ಒಂದೇ. ಹೊಡೆದು ತೀರ್ಮಾನಿಸುವವರಿಗೂ ಬಾಯಿ ಮುಚ್ಚಿ ತೀರ್ಮಾನಿಸುವವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಇನ್ನು ಹಣದ ವಿಷಯ. ಇಲ್ಲಿ ಸನಮಡಿಯಿಂದ ಗಡಿ ದಾಟಿದರೆ ಕಾನೂನೇ ಬದಲಾಗುತ್ತದೆ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆ ಜಾರಿಯಲ್ಲಿದೆ. ಮೊದಲು ಮುಂಬೈ ಕಾಯ್ದೆ ಎನ್ನುತ್ತಿದ್ದರು. ಅದರ ವ್ಯಾಖ್ಯೆಯಲ್ಲಿ ದೇವಸ್ಥಾನ, ಚರ್ಚು, ವಕ್ಫ್‌ಗಳ ಸಾಲಿನಲ್ಲಿ ಮಠವೂ ಇದೆ. ಅದರ ಪ್ರಕಾರ ಸಾರ್ವಜನಿಕ ಮಠ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾಗಬೇಕು, ಲೆಕ್ಕ ಇಡಬೇಕು, ಲೆಕ್ಕ ತಪಾಸಣೆ ಮಾಡಿಸಬೇಕು. ಹಣ ದುರುಪಯೋಗವಾದರೆ, ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದರೆ ವಿಶ್ವಸ್ತರನ್ನು ತೆಗೆದುಹಾಕುವ ಅಧಿಕಾರ ಆಯುಕ್ತರಿಗಿದೆ. ನ್ಯಾಸದಲ್ಲಿ ಹಿತಾಸಕ್ತಿಯುಳ್ಳ ಯಾರೇ ಆದರೂ, ಸಾಮಾನ್ಯ ಭಕ್ತ ಕೂಡ, ಅರ್ಜಿ ಹಾಕಬಹುದು.

ಪಕ್ಕದ ವಿಜಯಪುರ ಜಿಲ್ಲೆಯೂ 1956ರವರೆಗೆ ಮುಂಬೈ ರಾಜ್ಯದಲ್ಲೇ ಇತ್ತು, ಅಲ್ಲಿಗೂ ಇದೇ ಕಾಯ್ದೆ ಅನ್ವಯಿಸುತ್ತಿತ್ತು. ಕರ್ನಾಟಕ ತನ್ನದೇ ಧಾರ್ಮಿಕ ಸಂಸ್ಥೆಗಳ ಕಾಯ್ದೆಯನ್ನು 1997ರಲ್ಲಿ ಮಾಡಿ 2003ರಲ್ಲಿ ಜಾರಿಗೆ ತಂದಾಗ ಮಠಗಳನ್ನೂ ಅವಕ್ಕೆ ಸೇರಿದ ದೇವಸ್ಥಾನಗಳನ್ನೂ ಹೊರಗಿಟ್ಟಿತು. 2014ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಠಗಳನ್ನು ನಿಗಾಕ್ಕೆ ತರುವ ತಿದ್ದುಪಡಿ ಮಂಡನೆಯಾಯಿತು. ವಿರೋಧ ಜೋರಾಯಿತು, ಮಸೂದೆ ಮುಂದೆ ಸಾಗಲಿಲ್ಲ. ಹೀಗಾಗಿ ಒಂದೇ ಭಾಷೆ, ಒಂದೇ ಪರಂಪರೆ, ಒಂದೇ ಭಕ್ತವರ್ಗದ ಎರಡು ಮಠಗಳಲ್ಲಿ ಗಡಿಯ ಈಚೆಗಿನದು ಧರ್ಮಾದಾಯ ಕಚೇರಿಗೆ ಲೆಕ್ಕ ಒಪ್ಪಿಸಬೇಕು, ಆಚೆಗಿನದಕ್ಕೆ ಅಂಥ ಕಚೇರಿಯೇ ಇಲ್ಲ. ಅಲ್ಲಿ ಆದಾಯ ತೆರಿಗೆ ವಿನಾಯಿತಿಗಾಗಿ ಮಾಡಿಸುವ ತಪಾಸಣೆ, ಇಲ್ಲವೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಇಬ್ಬರು ಭಕ್ತರು ಕೋರ್ಟಿಗೆ ಹೋಗುವ ದಾರಿ. ಇಷ್ಟು ದೂರ ನಡೆಯುವ ಭಕ್ತರು ಎಷ್ಟು ಮಂದಿ?

ಮಠಾಧಿಪತಿ ನ್ಯಾಯದ ಕಣ್ಣಿಗೆ ಒಬ್ಬ ವಿಚಿತ್ರ ವ್ಯಕ್ತಿ. 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ವಿದ್ಯಾವಾರುತಿ ತೀರ್ಥರ ಪ್ರಕರಣದಲ್ಲಿ, ಆತ ಇಂಗ್ಲಿಷ್ ಕಾನೂನಿನ ಅರ್ಥದ ವಿಶ್ವಸ್ತನಲ್ಲ, ಆದರೂ ದುರಾಡಳಿತಕ್ಕೆ ವಿಶ್ವಸ್ತನಂತೆಯೇ ಉತ್ತರ ಕೊಡಬೇಕಾದವನು ಎಂದಿತು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಠಾಧಿಪತಿಯ ಸ್ಥಾನದಲ್ಲಿ ಕರ್ತವ್ಯವೂ ಸ್ವಂತ ಹಕ್ಕೂ ಹೆಣೆದುಕೊಂಡಿವೆ, ಸರ್ಕಾರ ಆತನನ್ನು ಇಲಾಖೆಯ ನೌಕರನನ್ನಾಗಿ ಮಾಡಲಾಗದು ಎಂದಿತು. ಮುರುಘಾ ಮಠದಲ್ಲೂ ಇದೇ ಎಳೆದಾಟ. 2022ರ ಡಿಸೆಂಬರ್‌ನಲ್ಲಿ ಸರ್ಕಾರ ನಿವೃತ್ತ ಐಎಎಸ್ ಅಧಿಕಾರಿಯೊಬ್ಬರನ್ನು ಆಡಳಿತಾಧಿಕಾರಿಯಾಗಿ ನೇಮಿಸಿತು. 2023ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ನೇಮಕವನ್ನು ರದ್ದು ಮಾಡಿತು. ಮಠದೊಳಕ್ಕೆ ಸರ್ಕಾರ ನುಗ್ಗುವುದು ಸುಲಭವಲ್ಲ, ನುಗ್ಗುವುದು ಒಳ್ಳೆಯದೂ ಅಲ್ಲ. ಹಾಗಾದರೆ ಒಳಗೇ ಒಂದು ವ್ಯವಸ್ಥೆ ಇರಬೇಕು.

ಖುಲಾಸೆಯಾದ ಮೇಲೆ

2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯ ಮೊದಲ ಪೋಕ್ಸೊ ಪ್ರಕರಣದಲ್ಲಿ ಮುರುಘಾ ಶರಣರನ್ನು ಖುಲಾಸೆಗೊಳಿಸಿತು. ಕಂಚಿಯ ಜಯೇಂದ್ರ ಸರಸ್ವತಿಗಳನ್ನು ಶಂಕರರಾಮನ್ ಕೊಲೆ ಪ್ರಕರಣದಲ್ಲಿ ಬಂಧಿಸಿದ್ದು 2004ರ ನವೆಂಬರ್‌ನಲ್ಲಿ, ಪುದುಚೇರಿಯ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ್ದು 2013ರ ನವೆಂಬರ್‌ನಲ್ಲಿ. ಒಂಬತ್ತು ವರ್ಷ. ಇಷ್ಟು ದೀರ್ಘ ಕಾಲ ಒಬ್ಬ ಗುರು ಆರೋಪಿಯಾಗಿರುವುದು ಅವರಿಗೂ ಶಿಷ್ಯರಿಗೂ ಶಿಕ್ಷೆಯೇ. ನ್ಯಾಯಾಲಯ ನಿರಪರಾಧಿ ಎಂದವರನ್ನು ಬೀದಿಯ ನ್ಯಾಯ ಅಪರಾಧಿ ಎನ್ನುತ್ತ ಕೂರುವುದು ಧರ್ಮವಲ್ಲ.

ಅದಾದ ಮೇಲೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ, ಅದು ವ್ಯಕ್ತಿಯನ್ನು ಕುರಿತದ್ದಲ್ಲ. ಆರೋಪ ಬಂದ ದಿನವೇ ಪೀಠಾಧಿಪತಿ ಆಡಳಿತದಿಂದ ಹಿಂದೆ ಸರಿಯಬೇಕೆಂಬ ನಿಯಮ ಎಷ್ಟು ಮಠಗಳಲ್ಲಿದೆ? ಸರ್ಕಾರಿ ಶಾಲೆಯ ಶಿಕ್ಷಕನ ಮೇಲೆ ಇಂಥ ದೂರು ಬಂದರೆ ತನಿಖೆ ಮುಗಿಯುವವರೆಗೆ ಅಮಾನತು ಮಾಡುತ್ತಾರೆ. ಅಮಾನತು ಶಿಕ್ಷೆಯಲ್ಲ, ತನಿಖೆ ಹದಗೆಡದಿರಲಿ ಎಂಬ ಎಚ್ಚರ. ಶಿಕ್ಷಕನಿಗಿರುವ ಈ ಕನಿಷ್ಠ ನಿಯಮವೂ ಜಗದ್ಗುರುವಿಗೆ ಇಲ್ಲವೆಂದರೆ ನಾವು ಅವರನ್ನು ಎತ್ತರದ ಮಟ್ಟದಲ್ಲಿಟ್ಟಿಲ್ಲ, ಕೆಳಗಿನ ಮಟ್ಟದಲ್ಲಿಟ್ಟಿದ್ದೇವೆ.

ಮರ್ಯಾದೆಯೇ ಮುಚ್ಚಳವಾದಾಗ

2002ರ ಜನವರಿಯಲ್ಲಿ ಬಾಸ್ಟನ್ನಿನ ಗ್ಲೋಬ್ ಪತ್ರಿಕೆ ಅಲ್ಲಿನ ಕ್ಯಾಥೊಲಿಕ್ ಚರ್ಚಿನ ಕಡತಗಳನ್ನು ಬಯಲಿಗೆ ತಂದಿತು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಗಳ ವಿಷಯ ಮೇಲಿನವರಿಗೆ ವರ್ಷಗಳಿಂದ ಗೊತ್ತಿತ್ತು. ಅವರು ಮಾಡಿದ್ದು ವರ್ಗಾವಣೆ. ಒಂದೂರಿನಿಂದ ಇನ್ನೊಂದೂರಿಗೆ. ಆ ವರ್ಷದ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಪಾದ್ರಿಗಳು ಇಂಥ ದೂರನ್ನು ಮೇಲಿನವರಿಗೆ ತಿಳಿಸಲೇಬೇಕು ಎಂದು ಇಡೀ ಚರ್ಚಿಗೆ ಅನ್ವಯಿಸುವ ನಿಯಮವನ್ನು ಪೋಪ್ ಫ್ರಾನ್ಸಿಸ್ ತಂದದ್ದು 2019ರಲ್ಲಿ.

ಮುಚ್ಚಿಟ್ಟವರೆಲ್ಲ ದುಷ್ಟರಾಗಿರಲಿಲ್ಲ. ಬಹಳಷ್ಟು ಮಂದಿ ಚರ್ಚಿನ ಹೆಸರು ಕೆಡಬಾರದು ಎಂದುಕೊಂಡವರು. ನಮ್ಮಲ್ಲಿ ‘ಮಠದ ಮರ್ಯಾದಿ ಹೋಗ್ತದ’ ಎನ್ನುವುದು ಇದೇ ತರ್ಕ. ಗುರು ತಪ್ಪೇ ಮಾಡದವನು ಎಂಬ ಎತ್ತರಕ್ಕೆ ಏರಿಸಿಬಿಟ್ಟರೆ, ತಪ್ಪು ಒಪ್ಪಿಕೊಳ್ಳುವ ಬೆಲೆಯೂ ಅಷ್ಟೇ ಏರುತ್ತದೆ. ಬೆಲೆ ಏರಿದಷ್ಟೂ ಮುಚ್ಚುವ ಕೈಗಳು ಹೆಚ್ಚುತ್ತವೆ. ಅಳತೆ ಕಟ್ಟುನಿಟ್ಟಾದಷ್ಟೂ ನಡತೆ ಶುದ್ಧವಾಗುತ್ತದೆ ಎಂಬ ನಂಬಿಕೆ ಇಲ್ಲಿಯೇ ಮುರಿಯುವುದು.

ಇದನ್ನು ಬುದ್ಧನ ಸಂಘ ಬಲು ಹಿಂದೆಯೇ ಅರಿತಿತ್ತು. ಹದಿನೈದು ದಿನಕ್ಕೊಮ್ಮೆ ಭಿಕ್ಷುಗಳು ಕೂಡಿ ಪಾತಿಮೋಕ್ಖದ ನಿಯಮಗಳನ್ನು ಪಠಿಸಬೇಕು, ತಪ್ಪಿದವರು ಒಪ್ಪಿಕೊಳ್ಳಬೇಕು. ನಾಲ್ಕು ತಪ್ಪುಗಳಿಗೆ ಕ್ಷಮೆಯಿಲ್ಲ, ಸಂಘದಿಂದಲೇ ಹೊರಗೆ: ಮೈಥುನ, ಕಳವು, ನರಹತ್ಯೆ, ಇಲ್ಲದ ಅಲೌಕಿಕ ಸಿದ್ಧಿ ಇದೆ ಎಂದು ಸುಳ್ಳು ಹೇಳುವುದು. ಪವಾಡದ ಸುಳ್ಳನ್ನು ಕೊಲೆಯ ಸಾಲಿನಲ್ಲಿಟ್ಟ ಆ ಪಟ್ಟಿಯನ್ನು ಇಂದಿನ ಟಿವಿ ಬಾಬಾಗಳ ಕಾಲದಲ್ಲಿ ಓದಿದರೆ ಬೆರಗಾಗುತ್ತದೆ. ನಿಯಮಗಳು ಎತ್ತರದವೇ. ಆದರೆ ಸಣ್ಣ ತಪ್ಪನ್ನು ಹೇಳಿಕೊಂಡು ಮುಂದೆ ಸಾಗುವ ದಾರಿ, ದೊಡ್ಡ ತಪ್ಪಿಗೆ ಹೊರಬೀಳುವ ಬಾಗಿಲು, ಎರಡನ್ನೂ ಅವರು ತೆರೆದಿಟ್ಟಿದ್ದರು. ಕನ್ನಡದ ಶರಣರೂ ಬಿಡಲಿಲ್ಲ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ ಹೊಟ್ಟೆಪಾಡಿಗೆ ವೇಷ ಹಾಕಿದ ಗುರುಗಳನ್ನು ಜಾಡಿಸಿದಷ್ಟು ಇಂದಿನ ಯಾವ ನಾಸ್ತಿಕನೂ ಜಾಡಿಸಿಲ್ಲ, ಆತ ಆಡಿದ್ದು ಭಕ್ತಿಯ ಒಳಗೇ ನಿಂತು.

ಸ್ವಾಮಿಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಮಠಕ್ಕೆ ಮರಿ ಬಿಡುವ ಪದ್ಧತಿ ನಮ್ಮ ಭಾಗದಲ್ಲಿ ಇಂದಿಗೂ ಇದೆ. ಏಳೆಂಟು ವರ್ಷದ ಹುಡುಗನನ್ನು ಹರಕೆಗೋ ಬಡತನಕ್ಕೋ ಮನೆತನದ ಸರದಿಗೋ ಮಠಕ್ಕೆ ಒಪ್ಪಿಸುತ್ತಾರೆ. ಇಪ್ಪತ್ತಕ್ಕೆ ಪಟ್ಟ ಕಟ್ಟುತ್ತಾರೆ. ಆ ವಯಸ್ಸಿನ ಬೇರೆ ಹುಡುಗನಿಗೆ ಮದುವೆಯ ಹೆಣ್ಣನ್ನು ಆರಿಸುವಾಗ ಒಪ್ಪಿಗೆ ಕೇಳುವ ಸಮಾಜ, ಈತನ ಬ್ರಹ್ಮಚರ್ಯಕ್ಕೆ ಒಪ್ಪಿಗೆ ಕೇಳುವುದಿಲ್ಲ. ಅವನು ನಲವತ್ತಕ್ಕೆ ಬಿಟ್ಟು ಹೋಗುತ್ತೇನೆಂದರೆ ಪತಿತ ಎನ್ನುತ್ತದೆ. ಗೌರವದಿಂದ ಹೊರಹೋಗುವ ದಾರಿ ಇಲ್ಲದ ಕಡೆ ಗುಟ್ಟಿನ ದಾರಿಗಳು ಹುಟ್ಟುತ್ತವೆ. ಹದಿನೆಂಟು ತುಂಬದವರಿಗೆ ಸನ್ಯಾಸ ಬೇಡ, ಬಿಡುತ್ತೇನೆ ಎಂದವರಿಗೆ ಅವಮಾನ ಬೇಡ ಎಂಬೆರಡು ಕಟ್ಟಳೆ ಮಾಡಿಕೊಂಡ ಮಠ ಎಷ್ಟೋ ಪ್ರಮಾದಗಳಿಂದ ಪಾರಾಗಬಲ್ಲದು.

ಕಿಸೆ ಇಲ್ಲದ ಅಂಗಿ

ಸನಮಡಿ ಸೀಮೆಯಲ್ಲಿ ಗುರುವಿನ ನಡತೆಯ ಮಾತು ಬಂದರೆ ಎಲ್ಲರೂ ಎತ್ತುವ ಹೆಸರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅವರ ಹುಟ್ಟೂರು ಬಿಜ್ಜರಗಿ ಗಡಿಗೆ ಅಂಟಿದಂತಿದೆ. ಕನ್ನಡದಷ್ಟೇ ಸಲೀಸಾಗಿ ಮರಾಠಿಯಲ್ಲೂ ಪ್ರವಚನ ಮಾಡುತ್ತಿದ್ದರು. ಬಿಳಿ ಬಟ್ಟೆ, ಅಂಗಿಗೆ ಕಿಸೆಯಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಸನ್ಯಾಸಿಗೆ ಪ್ರಶಸ್ತಿ ಬೇಡವೆಂದು ವಿನಯದಿಂದ ಹಿಂತಿರುಗಿಸಿದರು. 2023ರ ಜನವರಿ 2ರಂದು ತೀರಿಕೊಂಡಾಗ ಅವರು ಬರೆದಿಟ್ಟ ಪತ್ರ ಹೊರಗೆ ಬಂತು. ದೇಹವನ್ನು ಹೂಳದೆ ಸುಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು. ಹಾಗೆಯೇ ಮಾಡಿದರು.

ಜನ ಇದನ್ನು ಶುದ್ಧಿಯ ಮಾದರಿ ಎಂದು ಕೊಂಡಾಡುತ್ತಾರೆ. ಇದರಲ್ಲಿ ಇನ್ನೂ ಒಂದು ಜಾಣತನವಿದೆ. ಕಿಸೆಯಿಲ್ಲದವನ ಹತ್ತಿರ ಕಾಣಿಕೆಯ ಲೆಕ್ಕ ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಸಮಾಧಿಯೇ ಇಲ್ಲದ ಮೇಲೆ ಅದರ ಹುಂಡಿಗಾಗಿ ವ್ಯಾಜ್ಯ ಹೂಡುವಂತಿಲ್ಲ. ಅವರು ಅಧಿಕಾರವನ್ನೇ ಕಡಿಮೆ ಇಟ್ಟುಕೊಂಡರು, ಹಾಗಾಗಿ ಅವರ ಮೇಲೆ ಕಾವಲು ಇಡುವ ಅಗತ್ಯವೂ ಕಡಿಮೆಯಾಯಿತು. ಉಮದಿಯ ಭಾವುಸಾಹೇಬರೂ ನಿಂಬಾಳದ ರಾನಡೆಯವರೂ ತಮ್ಮ ಅನ್ನ ತಾವೇ ದುಡಿದುಕೊಂಡು ಇದೇ ಹಾದಿಯಲ್ಲಿ ನಡೆದಿದ್ದರು.

ಎಲ್ಲ ಮಠಗಳೂ ಕಿಸೆ ಕತ್ತರಿಸಲಾರವು, ನಿಜ. ತುಮಕೂರಿನ ಸಿದ್ಧಗಂಗೆಯಂಥ ಮಠ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಡಬೇಕಾದರೆ ಹಣ ಬೇಕು, ಕಟ್ಟಡ ಬೇಕು, ಅಧಿಕಾರವೂ ಬೇಕು. ಬರದ ಸೀಮೆಯ ಬಡವರಿಗೆ ಅಂಥ ಮಠಗಳು ಮಾಡಿದ ಉಪಕಾರ ಸಣ್ಣದಲ್ಲ. ಕಬ್ಬು ಕಡಿಯಲು ಹೋದವರ ಮಕ್ಕಳಿಗೆ ಪ್ರಸಾದ ನಿಲಯವೇ ಮನೆ. ಹೀಗೆ ಅಧಿಕಾರ ಇಟ್ಟುಕೊಂಡವರು ಅದರ ಲೆಕ್ಕವನ್ನೂ ಇಡಬೇಕು. ಗುರುವಿಗೆ ಇರುವುದು ಈ ಎರಡೇ ದಾರಿ: ಅಧಿಕಾರ ಬಿಡುವುದು, ಇಲ್ಲವೇ ಅದಕ್ಕೆ ಉತ್ತರ ಕೊಡುವುದು. ಅಧಿಕಾರವೂ ಬೇಕು, ಕೇಳುವವರೂ ಇರಬಾರದು ಎನ್ನುವ ಮೂರನೆಯ ದಾರಿ ಯಾವ ಶಾಸ್ತ್ರದಲ್ಲೂ ಇಲ್ಲ.

ಊರು ಏನು ಕೇಳಬೇಕು

ಹಾಗಾದರೆ ಎತ್ತರದ ಅಳತೆ ಬೇಕೇ? ಬೇಕು. ಅದನ್ನು ತಟ್ಟೆ, ಬಟ್ಟೆ, ಪ್ರಯಾಣಗಳ ಮೇಲಿಂದ ಕಿತ್ತು ತಿಜೋರಿಯ ಮೇಲೆ, ಮಕ್ಕಳ ಕೋಣೆಯ ಬಾಗಿಲ ಮೇಲೆ ಇಡಬೇಕು. ಗುರುವಿನ ಮನಸ್ಸಿನೊಳಗೆ ಏನಿದೆ ಎಂದು ಅಳೆಯುವ ಸಾಧನ ಭಕ್ತನ ಹತ್ತಿರ ಇಲ್ಲ. ಮಠದ ವ್ಯವಹಾರ ಅಳೆಯುವುದಕ್ಕೆ ಸಾಧನಗಳಿವೆ.

ಜಾತ್ರೆಗೆ ಪಟ್ಟಿ ಎತ್ತಿದರೆ ಪಾವತಿ ಕೊಡಲಿ. ತಪಾಸಣೆಯಾದ ಲೆಕ್ಕವನ್ನು ಮಠದ ಗೋಡೆಗೆ ಹಚ್ಚಲಿ. ಹಣ ತೆಗೆಯಲು ಇಬ್ಬರ ಸಹಿ ಇರಲಿ, ಅದರಲ್ಲೊಬ್ಬರು ಸ್ವಾಮಿಗಳ ಸಂಬಂಧಿಕರಾಗಿರದಿರಲಿ. ಹುಡುಗಿಯರ ನಿಲಯಕ್ಕೆ ಮಹಿಳಾ ಮೇಲ್ವಿಚಾರಕಿ ಇರಲಿ, ತಂದೆತಾಯಿ ಯಾವ ದಿನ ಬಂದರೂ ಒಳಗೆ ಬಿಡಲಿ. ಸ್ವಾಮಿಗಳ ಖಾಸಗಿ ಕೋಣೆಗೆ ಸೇವೆಯ ಹೆಸರಲ್ಲಿ ಮಗುವನ್ನು ಒಂಟಿಯಾಗಿ ಕಳಿಸುವ ರೂಢಿ ನಿಲ್ಲಲಿ. ಮಕ್ಕಳ ಸಹಾಯವಾಣಿ 1098 ಎಂಬ ನಾಲ್ಕಂಕಿ ಕನ್ನಡದಲ್ಲೂ ಮರಾಠಿಯಲ್ಲೂ ಊಟದ ಕೋಣೆಯ ಗೋಡೆಯ ಮೇಲಿರಲಿ. ದೂರು ಬಂದರೆ ವಿಚಾರಣೆ ಮುಗಿಯುವವರೆಗೆ ಆಡಳಿತ ಬೇರೆಯವರ ಕೈಗೆ ಹೋಗುವ ನಿಯಮ ಮೊದಲೇ ಬರೆದಿಟ್ಟಿರಲಿ. ಸನಮಡಿಯಂಥ ಗಡಿಯೂರಿನ ಭಕ್ತರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಅವರ ಕಡೆಯ ಕಾನೂನು ಅರ್ಜಿ ಹಾಕುವ ಹಕ್ಕನ್ನು ಈಗಾಗಲೇ ಅವರ ಕೈಗೆ ಕೊಟ್ಟಿದೆ.

ಹೀಗೆ ಕೇಳಿದರೆ ಭಕ್ತಿ ಕಡಿಮೆಯಾಗುತ್ತದೆ ಎಂದು ಹೆದರುವವರಿದ್ದಾರೆ. ಆದರೆ ಲೆಕ್ಕ ಕೇಳುವ ರೂಢಿ ಇದ್ದ ಊರಲ್ಲಿ ಅಪರಿಚಿತ ಸಾಧುವಿಗೂ ಲಾಭವಿದೆ. ಅಲ್ಲಿ ಮೊದಲು ಅವನ ಹೆಸರು ಕೇಳುತ್ತಾರೆ, ಆಧಾರ್ ಕಾರ್ಡು ನೋಡುತ್ತಾರೆ, ಕೈ ಎತ್ತುವುದಿಲ್ಲ. ಪ್ರಾಮಾಣಿಕ ಸ್ವಾಮಿಗೆ ಇನ್ನೂ ಹೆಚ್ಚಿನ ಲಾಭ, ಸುಳ್ಳು ಆರೋಪ ಬಂದ ದಿನ ಅವರನ್ನು ಕಾಯುವುದು ತೆರೆದಿಟ್ಟ ಪುಸ್ತಕ, ತೆರೆದಿಟ್ಟ ಬಾಗಿಲು. ಪ್ರಶ್ನೆಗೆ ಹೆದರಬೇಕಾದವರು ಈ ಇಬ್ಬರೂ ಅಲ್ಲ. ಆದ್ದರಿಂದ ಮಠದಲ್ಲಿ ಲೆಕ್ಕ ಕೇಳಲು ಎದ್ದು ನಿಂತವನನ್ನು ಯಾರಾದರೂ ಸುಮ್ಮನೆ ಕೂರಿಸಲು ಬಂದರೆ, ಊರಿನವರು ಆಮೇಲೆ ವಿಚಾರಿಸಬೇಕಾದದ್ದು ಆ ಕೂರಿಸಲು ಬಂದವರನ್ನು.